ನಲ್ಲಿ ಮುಚ್ಚಿದ ಮೇಲೆ

ನಾಲ್ಕು ಚಕ್ರದ ಕ್ವಾಡ್ ಬೈಕಿನ ಕಾರ್ಬುರೇಟರಿನ ಕೆಳಗಿಟ್ಟ ಜಾಮಿನ ಡಬ್ಬಿಗೆ ಪೆಟ್ರೋಲು ತೊಟ್ಟಿಕ್ಕುತ್ತಲೇ ಇತ್ತು. ಮಂಡಿಯೂರಲು ಸೊಂಟ ಬಿಡದೆ ಹುಹಾನಾ ಒಂದು ಬಕೀಟನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಸ್ಕ್ರೂಡ್ರೈವರಿನ ಹಿಡಿಯಿಂದ ಕಾರ್ಬುರೇಟರಿನ ಬಟ್ಟಲಿಗೆ ಮೆಲ್ಲಗೆ ತಟ್ಟಿದಳು. ಗಂಡ ರೋಪಾತ ಹಾಗೆ ತಟ್ಟುತ್ತಿದ್ದುದನ್ನು ನೋಡಿದ್ದಳು. ತೊಟ್ಟು ನಿಂತಂತೆ ಕಂಡಿತು. ಮತ್ತೆ ಬಿತ್ತು.

ಶೆಡ್ಡಿನ ಬಾಗಿಲಿಂದ ಹೊಳೆ ಕಾಣುತ್ತಿತ್ತು. ಬೆಳಗ್ಗೆ ಹಸಿರಾಗಿದ್ದ ನೀರು ಈಗ ಕೆಸರಿನ ಬಣ್ಣಕ್ಕೆ ತಿರುಗಿ ಮೇಲಿನ ಬೆಟ್ಟಗಳಿಂದ ಮರದ ಬೊಡ್ಡೆಗಳನ್ನು ಹೊತ್ತು ತರುತ್ತಿತ್ತು. ಇಲ್ಲಿ ಬರೀ ತುಂತುರು. ಮೇಲೆ ನಿನ್ನೆಯಿಂದ ಬಿಡದೆ ಸುರಿದಿದೆಯೆಂದು ರೇಡಿಯೋ ಹೇಳಿತ್ತು. ದಂಡೆಯ ಬಯಲಿನಲ್ಲಿ ರೋಪಾತನ ಗಬ್ಬದ ಕುರಿಗಳಿದ್ದವು. ಬಯಲಿಗೂ ಗುಡ್ಡಕ್ಕೂ ನಡುವೆ ಒಂದು ಹಳ್ಳ. ಹೊಳೆ ಉಬ್ಬಿದರೆ ಮೊದಲು ತುಂಬುವುದು ಆ ಹಳ್ಳ. ಆಮೇಲೆ ಬಯಲು ದ್ವೀಪವಾಗುತ್ತದೆ. ಸ್ವಲ್ಪ ಹೊತ್ತಿಗೆ ದ್ವೀಪವೂ ಇರುವುದಿಲ್ಲ. ಆ ಕುರಿಗಳ ತಳಿಯನ್ನು ರೋಪಾತ ಮದುವೆಯಾದ ವರ್ಷದಿಂದ ಕಟ್ಟುತ್ತ ಬಂದಿದ್ದ. ಅವನನ್ನು ಮಣ್ಣು ಮಾಡಿ ಎರಡು ತಿಂಗಳೂ ಆಗಿರಲಿಲ್ಲ.

ಕೇಟಾ ತೂಗುಸೇತುವೆ ದಾಟಿ ನಡೆದೇ ಬಂದಳು. ಗುಡ್ಡ ಜರಿದು ರಸ್ತೆ ಮುಚ್ಚಿದ್ದರಿಂದ ಅವಳ ಗಾಡಿ ಆಚೆ ದಡದಲ್ಲೇ ಉಳಿದಿತ್ತು. ಆಚೆ ದಡದ ಜಮೀನು ಅವಳದು. ಊರೂರು ತಿರುಗಿ ಕುರಿಯ ಉಣ್ಣೆ ಕತ್ತರಿಸಿ, ನಡುವಯಸ್ಸಿಗೇ ಬೆನ್ನು ಬಾಗಿಸಿಕೊಂಡವಳು.

"ಏನ್ ದೊಡ್ಡಮ್ಮ, ಕ್ವಾಡ್ ಬೈಕನ್ನೂ ಹಾಲು ಕರಿಯೋಕೆ ಕೂತ್ರಾ?"

"ಕರೀದೇನೇ ಸುರೀತಿದೆ. ಸ್ಟಾರ್ಟೇ ಆಗ್ತಿಲ್ಲ. ಬೇಗ ನೋಡು."

"ಕುರಿ ಹೊಡ್ಕೊಂಡು ಬರೋಕೆ ಟಿಪ್ಪನ್ನ ಒಬ್ಬನ್ನೇ ಅಟ್ಟೋಕಾಗಲ್ವಾ?"

"ಅವನು ಗಾಡಿ ಹಿಂದೆ ಓಡಿ ಕಲ್ತ ನಾಯಿ. ಗಾಡಿ ಇಲ್ದಿದ್ರೆ ನನ್ನ ಮುಖಾನೇ ನೋಡ್ತಾ ಕೂತಿರ್ತಾನೆ. ನನ್ನ ಸೊಂಟಕ್ಕೆ ಆ ಬಯಲು ನಡೆಯೋಕಾಗಲ್ಲ. ಅವನಿಗೆ ನನ್ನ ಸಿಳ್ಳೆ ಬಿಟ್ರೆ ಬೇರೇದು ಕೇಳ್ಸಲ್ಲ."

ತನ್ನ ಹೆಸರು ಕೇಳಿ ಬೆಂಚಿನ ಕೆಳಗಿದ್ದ ನಾಯಿ ಬಾಲದಿಂದ ನೆಲ ಬಡಿಯಿತು.

ಕೇಟಾ ಬಗ್ಗಿ, ಟ್ಯಾಂಕಿನ ಕೆಳಗೆ ಕೈ ತೂರಿಸಿ ಏನನ್ನೋ ಅಡ್ಡಕ್ಕೆ ತಿರುಗಿಸಿದಳು. ಟಕ್ ಎಂದಿತು. ತೊಟ್ಟಿಕ್ಕುವುದು ನಿಂತಿತು.

"ಏನ್ ಮಾಡ್ದೆ?"

"ಪೆಟ್ರೋಲಿನ ನಲ್ಲಿ ಮುಚ್ದೆ."

"ಅಲ್ಲೊಂದು ನಲ್ಲಿ ಇದ್ಯಾ?"

ಕೇಟಾ ಅವಳ ಮುಖವನ್ನೊಮ್ಮೆ ನೋಡಿ, ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಮೂಸಿದಳು. ಎಣ್ಣೆ ಇರಬೇಕಾದ ಗೆರೆಯಿಂದ ಮೇಲೇರಿತ್ತು, ಪೆಟ್ರೋಲು ಬೆರೆತು ನೀರಿನಷ್ಟು ತೆಳ್ಳಗಾಗಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ ಸ್ಟಾರ್ಟ್ ಮಾಡುವ ಹಗ್ಗ ಎಳೆದಾಗ ಎಂಜಿನ್ನಿನ ತೂತಿನಿಂದ ಪೆಟ್ರೋಲು ಚಿಮ್ಮಿ ಗೋಡೆಗೆ ಬಡಿಯಿತು.

"ಹೊಟ್ಟೆ ತುಂಬಾ ಕುಡಿದುಬಿಟ್ಟಿದೆ, ಅದಕ್ಕೇ ಏಳ್ತಿಲ್ಲ. ಈ ಎಣ್ಣೆ ಎಲ್ಲಾ ಚೆಲ್ಲಬೇಕು. ಟ್ರ್ಯಾಕ್ಟರಿನದು ಇದ್ಯಾ?"

ಇತ್ತು. ಕೆಟ್ಟ ಎಣ್ಣೆ ಬಾಣಲಿಗೆ ಇಳಿಯುತ್ತಿದ್ದ ಹಾಗೆ ಕೇಟಾ ಬಟ್ಟಲಿನ ತಿರುಪುಗಳನ್ನು ಕಳಚಿ ಅದನ್ನು ಹುಹಾನಾಳ ಅಂಗೈಯಲ್ಲಿಟ್ಟಳು. ಒಳಗಿನ ತೇಲುಬುರುಡೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಸದ್ದಿಲ್ಲ; ಅದಕ್ಕೆ ತೂತು ಬಿದ್ದಿರಲಿಲ್ಲ. ಬುರುಡೆಗೆ ಸಿಕ್ಕಿಸಿದ್ದ ಗಿಡ್ಡ ಸೂಜಿಯನ್ನು ಬೆಳಕಿಗೆ ಹಿಡಿದಳು. ಬಟ್ಟಲು ತುಂಬಿದೊಡನೆ ಬುರುಡೆ ತೇಲಿ, ಆ ಸೂಜಿ ಪೆಟ್ರೋಲಿನ ಬಾಯಿಯನ್ನು ಮುಚ್ಚಬೇಕು. ಅದರ ರಬ್ಬರಿನ ತುದಿಯಲ್ಲಿ ಸವೆದ ಉಂಗುರವೊಂದು ಬಿದ್ದಿತ್ತು.

"ಇದೇ ಕಳ್ಳ. ಹೊಸದು ಪಟ್ಟಣದಿಂದ ಬರ್ಬೇಕು. ಈಗ ಒರೆಸಿ ಹಾಕ್ತೀನಿ ಅಷ್ಟೆ." ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಒಳಗಿನ ಬಾಯಿಯನ್ನು ಉಜ್ಜತೊಡಗಿದಳು. "ಯಾರು ಓಡಿಸ್ತಿದ್ರು ಇದನ್ನ?"

"ತಂಗಿ ಮಗ ಬೇಲಿ ಕಟ್ಟೋಕೆ ಬಂದಿದ್ದ. ಆಮೇಲೆ ನಾನೇ."

"ಹೇಗ್ ನಿಲ್ಲಿಸ್ತಿದ್ರಿ?"

"ಕೀ ತಿರುಗಿಸಿ. ಮತ್ತೆ ಹೇಗ್ ನಿಲ್ಲಿಸ್ತಾರೆ?"

ಕೇಟಾ ನಕ್ಕಳು. "ದೊಡ್ಡಪ್ಪ ನಿಮ್ಗೆ ಹೇಳೇ ಇಲ್ವಾ? ಇದು ಸೋರೋಕೆ ಶುರುವಾಗಿ ಎಷ್ಟೋ ವರ್ಷ ಆಯ್ತು. ಹೊಸ ಸೂಜಿ ತಂದ್ಕೊಡ್ತೀನಿ ಅಂದ್ರೆ ಬೇಡ ಕಣೇ ಅನ್ನೋರು. ಸಂಜೆ ಮನೆ ಗೇಟಿನ ಹತ್ರ ಬಂದು ನಲ್ಲಿ ಮುಚ್ಚೋದು, ಬಟ್ಟಲಲ್ಲಿ ಇದ್ದಿದ್ದು ಉರಿದು ಎಂಜಿನ್ನು ತಾನೇ ಆರೋವರೆಗೂ ಕೂತಿರೋದು. ಬಟ್ಟಲು ಒಣಗಿ ನಲ್ಲೀನೂ ಮುಚ್ಚಿದ್ರೆ ಸೋರೋಕೇನಿರುತ್ತೆ? ನೀವೇ ದಿನಾ ನೋಡಿರ್ತೀರಲ್ಲ."

"ನೋಡಿದೀನಿ" ಅಂದಳು ಹುಹಾನಾ.

ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಕತ್ತಲಾಗುವ ಮುಂಚೆ ಗಾಡಿ ಗೇಟಿನ ಬಳಿ ಬಂದು ನಿಲ್ಲುತ್ತಿತ್ತು. ಅವನು ಇಳಿಯುತ್ತಿರಲಿಲ್ಲ. ಎಂಜಿನ್ನು ಸಣ್ಣಗೆ ಗುನುಗುತ್ತಿರಲು ತಲೆ ತಗ್ಗಿಸಿ ಕೂತಿರುತ್ತಿದ್ದ. ಅದು ಆರಿ, ಇನ್ನೂ ಸ್ವಲ್ಪ ಹೊತ್ತು ಕಳೆದ ಮೇಲೆ ಗೇಟಿನ ಚಿಲಕದ ಸದ್ದು ಬರುತ್ತಿತ್ತು. ಅಷ್ಟು ಹೊತ್ತೂ ಅವಳು ಹಂದಿಮೂಳೆ, ಸೊಪ್ಪು, ಆಲೂಗಡ್ಡೆ ಬೆಂದ ಪಾತ್ರೆಯ ಮುಚ್ಚಳ ಮುಚ್ಚಿ ಉಸಿರೆತ್ತದೆ ನಿಂತಿರುತ್ತಿದ್ದಳು. ರೋಪಾತ ಚರ್ಚಿನೊಳಕ್ಕೆ ಕಾಲಿಡುತ್ತಿದ್ದುದು ಯಾರದಾದರೂ ಮದುವೆಗೆ, ಇಲ್ಲವೆ ಮಣ್ಣಿಗೆ. ಅವಳು ಒಬ್ಬಳೇ ಮೊಣಕಾಲೂರುವಾಗ ಅವನ ಆತ್ಮದ ವಿಷಯ ಎದೆಯಲ್ಲಿ ಮುಳ್ಳಾಗಿ ಆಡುತ್ತಿತ್ತು. ಗೇಟಿನ ಬಳಿಯ ಆ ಹೊತ್ತನ್ನು ಕಂಡ ಮೇಲೆ ಮುಳ್ಳು ಕಳೆದಿತ್ತು. ಒಬ್ಬ ಮನುಷ್ಯ ದೇವರ ಹತ್ತಿರ ಏನು ಮಾತಾಡುತ್ತಾನೆಂದು ಕೇಳಬಾರದು, ಅವಳು ಕೇಳಿರಲಿಲ್ಲ. ಪಾದ್ರಿಗೆ ಮಾತ್ರ ಹೇಳಿದ್ದಳು. ಹೆಣದ ಮುಂದೆ ನಿಂತು ಪಾದ್ರಿ ಅದನ್ನು ಎಲ್ಲರಿಗೂ ಹೇಳಿದ್ದ: ಈತ ತನ್ನ ಮನೆಯ ಬಾಗಿಲನ್ನು ಪ್ರಾರ್ಥನೆಯಿಲ್ಲದೆ ದಾಟಿದವನಲ್ಲ. ಆ ಹೊತ್ತಿನಲ್ಲಿ ಕೇಟಾ ಹಿಂದಿನ ಅಂಗಳದಲ್ಲಿ ಬಂದವರಿಗೆಲ್ಲ ಅಡುಗೆ ಬೇಯಿಸುತ್ತಿದ್ದಳು; ಆ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

"ದೊಡ್ಡಮ್ಮ? ಬಟ್ಟಲು ಕೊಡಿ."

ಹುಹಾನಾಳ ಅಂಗೈ ಬಟ್ಟಲಿನ ಸುತ್ತ ಮುಚ್ಚಿಕೊಂಡಿತ್ತು. ಅವಳು ಬೆರಳು ಬಿಡಿಸಿದಳು.

"ಏನಾಯ್ತು? ಮುಖ ಯಾಕೆ ಹಂಗಾಯ್ತು?"

"ಹೊಳೆ ಏರ್ತಿದೆ. ಜೋಡಿಸು."

ಹೊಸ ಎಣ್ಣೆ ತುಂಬಿ, ಪ್ಲಗ್ ಒರೆಸಿ ಹಾಕಿ, ನಲ್ಲಿ ತೆರೆದು ಹಗ್ಗ ಎಳೆದರು. ಗಾಡಿ ಕೆಮ್ಮಿತು, ಕರಿಹೊಗೆ ಉಗುಳಿತು, ನಿಂತಿತು. ಕೇಟಾ ಅದರ ವಂಶವನ್ನೆಲ್ಲ ಬೈದು ಮತ್ತೆ ಎಳೆದಳು. ಈ ಸಲ ಹಿಡಿಯಿತು.

"ಕೇಳಿ. ಓಡ್ತಿರೋವಾಗ ಸೋರೋದಕ್ಕಿಂತ ಕುಡಿಯೋದೇ ಜಾಸ್ತಿ, ತೊಂದ್ರೆ ಇಲ್ಲ. ಬಯಲಲ್ಲಿ ಮಾತ್ರ ಆಫ್ ಮಾಡ್ಬೇಡಿ, ಕೈ ಮುಗೀತೀನಿ. ಅಲ್ಲಿ ನಿಂತ್ರೆ ಹೊತ್ಕೊಂಡು ಬರೋಕೆ ನನ್ನ ಕೈಲಾಗಲ್ಲ. ಗಾಡೀನೂ, ನಿಮ್ಮನ್ನೂ."

"ನನ್ನನ್ನ ಬಿಟ್ಟು ಗಾಡಿ ಹೊತ್ಕೊಂಡು ಬಾ" ಅಂದು ಹುಹಾನಾ ಗೇರು ಹಾಕಿದಳು.

ಹಳ್ಳದಲ್ಲಿ ಆಗಲೇ ಚಕ್ರದ ಅರ್ಧಕ್ಕೆ ನೀರು. ಟಿಪ್ ಈಜಿ ದಾಟಿತು. ಕುರಿಗಳು ವಿಲೋ ಮರಗಳ ಹತ್ತಿರದ ದಿಣ್ಣೆಯ ಮೇಲೆ ಒತ್ತೊತ್ತಾಗಿ ನಿಂತು, ಏರಿ ಬರುವ ನೀರಿಗೆ ಬೆನ್ನು ತಿರುಗಿಸಿದ್ದವು. ಅವಳ ಸಿಳ್ಳೆಗೆ ನಾಯಿ ದೂರದಿಂದ ಬಳಸಿ ಹಿಂದೆ ಹೋಯಿತು. ಮಂದೆ ಅಲುಗಿತು, ಚೆದುರಿತು, ಮತ್ತೆ ಕೂಡಿತು. ಹಳ್ಳದ ಅಂಚಿಗೆ ಬಂದ ಮುಂದಾಳು ಕುರಿ ನೀರನ್ನು ನೋಡಿ ಕಾಲು ಊರಿ ನಿಂತುಬಿಟ್ಟಿತು. ಹಿಂದಿನವೆಲ್ಲ ನಿಂತವು.

ನಿಧಾನಿಸಿದ ಗಾಡಿ ಆಗಲೇ ತಡವರಿಸಿತು. ಹೊಗೆ ಕಪ್ಪಾಯಿತು, ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು, ಎಂಜಿನ್ನು ಮುಗ್ಗರಿಸತೊಡಗಿತು. ಸವಾರಿಯ ನಡುವೆ ರೋಪಾತನ ಎಡಗೈ ಆಗಾಗ ಮೊಣಕಾಲಿನ ಹತ್ತಿರ ಇಳಿಯುತ್ತಿದ್ದುದು ಹುಹಾನಾಳಿಗೆ ನೆನಪಾಯಿತು. ನೋವಿನ ಕಾಲನ್ನು ಉಜ್ಜಿಕೊಳ್ಳುತ್ತಾನೆಂದು ಅವಳು ಎಷ್ಟು ಸಲ ಎಣ್ಣೆ ಕಾಯಿಸಿ ಕೊಟ್ಟಿದ್ದಳೋ. ಅವಳು ಕೈ ಇಳಿಸಿ ತಡಕಾಡಿ ನಲ್ಲಿಯನ್ನು ಅರ್ಧ ಮುಚ್ಚಿದಳು. ಎಂಜಿನ್ನು ಇನ್ನೆರಡು ಸಲ ಎಡವಿ, ಸರಿಯಾಯಿತು.

ಹಳ್ಳದಾಚೆ ಗುಡ್ಡದ ಬುಡದಲ್ಲಿ ಕೇಟಾ ಬೇಲಿಯ ಗೇಟು ತೆರೆದು ನಿಂತು, ಖಾಲಿ ಮಾಡಿದ ಜಾಮಿನ ಡಬ್ಬಿಗೆ ಒಂದು ಹಿಡಿ ನಟ್ಟು ಹಾಕಿ ಜೋರಾಗಿ ಅಲ್ಲಾಡಿಸುತ್ತಿದ್ದಳು. "ಬಾ, ಬಾ, ಬಾ! ಬಾರೇ ಮೂದೇವಿ!" ಮೇವಿನ ಡಬ್ಬಿಯ ಸದ್ದೆಂದುಕೊಂಡ ಮುಂದಾಳು ಕುರಿ ಕಿವಿ ನಿಮಿರಿಸಿತು. ಟಿಪ್ ಹಿಂದಿನಿಂದ ಬೊಗಳಿತು. ಹುಹಾನಾ ಪಕ್ಕದಿಂದ ಮುಂದೆ ಬಂದು ಗಾಡಿಯ ಮೂತಿಯನ್ನು ಆ ಕುರಿಯ ಹಿಂಭಾಗಕ್ಕೆ ತಾಗಿಸಿ ಒತ್ತಿದಳು. ಕುರಿ ನೀರಿಗೆ ಹಾರಿತು. ಅದರ ಹಿಂದೆ ಇನ್ನೊಂದು, ಆಮೇಲೆ ಎಲ್ಲವೂ, ತೋಯ್ದ ಉಣ್ಣೆಯ ಭಾರಕ್ಕೆ ತಗ್ಗಿ, ಮೂಗು ಮಾತ್ರ ಮೇಲಿಟ್ಟು. ಕೊನೆಯಲ್ಲಿದ್ದ ಒಂದನ್ನು ನೀರು ಪಕ್ಕಕ್ಕೆ ಎಳೆದುಕೊಂಡಿತು. ಅದು ಒಂದು ಸಲ ತಲೆಯೆತ್ತಿತು. ಹುಹಾನಾ ಆ ಕಡೆ ಎರಡನೆಯ ಸಲ ನೋಡಲಿಲ್ಲ.

ಅವಳು ದಾಟುವಾಗ ನೀರು ಸೀಟಿಗೆ ಹತ್ತಿರವಿತ್ತು. ಕೇಟಾ ತೊಡೆಯವರೆಗೆ ಇಳಿದು ಮುಂದಿನ ಕಂಬಿ ಹಿಡಿದು ಎಳೆದಳು. ಮೇಲೆ ಬಂದು ಹಿಂತಿರುಗಿದಾಗ ದಿಣ್ಣೆಯಿದ್ದ ಜಾಗದಲ್ಲಿ ವಿಲೋ ಮರಗಳ ತಲೆ ಮಾತ್ರ ಕಾಣುತ್ತಿತ್ತು.

"ಒಳಗೆ ಹೋಗಿ ಬಟ್ಟೆ ಬದಲಾಯ್ಸು" ಅಂದಳು ಹುಹಾನಾ. "ಒಲೆ ಮೇಲೆ ಊಟ ಇದೆ. ನಾ ಗಾಡಿ ತರ್ತೀನಿ."

ಕೇಟಾ ರೋಪಾತನ ಹಳೆಯ ಸ್ವೆಟರು ತೊಟ್ಟು ಒಲೆಯ ಮುಂದೆ ನಿಂತಿದ್ದಳು. ಮುಚ್ಚಳ ತೆಗೆದು ಎರಡು ತಟ್ಟೆ ಇಟ್ಟುಕೊಂಡಾಗ ಗಾಡಿ ಮನೆಯ ಗೇಟಿನ ಬಳಿ ಬಂದು ನಿಂತ ಸದ್ದು ಕೇಳಿತು. ಕಿಟಕಿಯಲ್ಲಿ ನೋಡಿದಳು. ಹುಹಾನಾ ಕೈ ಇಳಿಸಿ ನಲ್ಲಿ ಮುಚ್ಚಿದಳು. ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ಕೂತಳು. ಟಿಪ್ ಚಕ್ರದ ಪಕ್ಕ ಮಲಗಿತು, ಹಾಗೆ ಮಲಗಿ ರೂಢಿಯಿದ್ದಂತೆ. ಎಂಜಿನ್ನು ಗುನುಗುತ್ತ, ಗುನುಗುತ್ತ, ಸಣ್ಣದಾಗಿ, ಒಮ್ಮೆ ಮೇಲೆದ್ದು, ಆರಿತು.

"ದೊಡ್ಡಮ್ಮ" ಎಂದು ಕರೆಯಲು ಕೇಟಾ ಬಾಗಿಲಿಗೆ ಬಂದಳು. ಬಟ್ಟಲು ಒಣಗಿತ್ತು, ಇನ್ನು ಕಾಯುವುದಕ್ಕೆ ಏನೂ ಇರಲಿಲ್ಲ. ಹುಹಾನಾ ಇಳಿದಿರಲಿಲ್ಲ. ತುಂತುರು ಅವಳ ಟೋಪಿಯ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ನಾಯಿಯೂ ತಲೆಯೆತ್ತಿರಲಿಲ್ಲ, ಏಳುವ ಹೊತ್ತು ಇನ್ನೂ ಆಗಿಲ್ಲವೆಂಬಂತೆ.

ಕೇಟಾ ಕರೆಯದೆ ಒಳಗೆ ಬಂದಳು. ಪಾತ್ರೆಯ ಮುಚ್ಚಳವನ್ನು ಸದ್ದಾಗದಂತೆ ಮತ್ತೆ ಮುಚ್ಚಿದಳು.