ಬಂಬಿನ ಡ್ರೈವರನ ಬಾತ ಕಣ್ಣು

ಮೂರು ಊರು ಕೂಡಿ ಒಂದು ಮಹಾಪಾಲಿಕೆಯಾದ ವರ್ಷ, ೧೯೯೮ರ ಮಾರ್ಚ್ ತಿಂಗಳಲ್ಲಿ, ಮಿರಜಿನ ಬಂಬಿನ ಗಾಡಿ ಮೊದಲ ಸಲ ಸಾಂಗಲಿಯ ಅಂಗಳಕ್ಕೆ ಹೋಗಿ ನಿಂತಿತು. ಬೆಂಕಿ ಆರಿಸುವ ಗಾಡಿಗೆ ನಮ್ಮ ಕಡೆ ಬಂಬ ಅಂತಲೇ ಅನ್ನುತ್ತಾರೆ. ಇನ್ನು ಮೇಲೆ ಸಾಂಗಲಿ, ಮಿರಜು, ಕುಪವಾಡ ಮೂರೂ ಊರಿನ ಬೆಂಕಿ ಎಲ್ಲರದೂ ಆಗಿತ್ತು. ಆ ದಿನ ಎಲ್ಲ ಗಾಡಿಗಳನ್ನು ಒಟ್ಟಿಗೆ ಓಡಿಸಿ ನೋಡುವ ಕಾರ್ಯಕ್ರಮ.

ಮಿರಜಿನ ಗಾಡಿ ಓಡಿಸುವವನು ಪಂಢರಿನಾಥ. ವಯಸ್ಸು ನಲವತ್ತನಾಲ್ಕು, ಡ್ರೈವರಿಕೆ ಹತ್ತೊಂಬತ್ತು ವರ್ಷದ್ದು. ಕೊರಳಲ್ಲಿ ತುಳಸಿ ಮಾಲೆ; ಅದನ್ನು ಹಾಕಿಕೊಂಡವರು ಹೆಂಡ, ಮಾಂಸ ಮುಟ್ಟುವಂತಿಲ್ಲ. ವರ್ಷ ತಪ್ಪದೆ ಪಂಢರಪುರಕ್ಕೆ ನಡೆದು ಹೋಗುವ ಮನೆತನ. ಬೆಳಿಗ್ಗೆ ತಾನೇ ಗಾಡಿ ತೊಳೆದು, ಮೂತಿಗೆ ಚೆಂಡುಹೂವಿನ ಹಾರ ಹಾಕಿ ತಂದಿದ್ದ. ಅವನ ಪಕ್ಕದಲ್ಲಿ ಗೆಳೆಯ ಗುರುಸಿದ್ಧಪ್ಪ, ಪೈಪು ಹಿಡಿಯುವವನು, ಹೊಸ ಬೂಟಿನ ಮೇಲಿನ ಧೂಳನ್ನು ನಿಮಿಷಕ್ಕೊಮ್ಮೆ ಒರೆಸುತ್ತ ನಿಂತಿದ್ದ.

ಹೊಸ ಅಧಿಕಾರಿ ಪಾರಿಸ ಮಗದುಮ್ ಸಾಲಿನುದ್ದಕ್ಕೂ ನೋಡುತ್ತ ಬಂದವರು ಪಂಢರಿನಾಥನ ಮುಂದೆ ನಿಂತುಬಿಟ್ಟರು. ಗಡಿಯ ಕಡೆಯ ಜೈನರ ಮನೆಯವರು, ಕನ್ನಡದಲ್ಲೇ ಕೇಳಿದರು.

"ನಿನ್ನಿ ಎಷ್ಟ ಹಾಕಿದ್ರಿ?"

"ಏನ್ರಿ ಸಾಹೇಬ್ರ?"

"ಕನ್ನಡ್ಯಾಗ ಮುಖಾ ನೋಡ್ಕೋರಿ. ಕಣ್ಣ ಬಾತ ಮುಚ್ಯಾವ. ಇಂಥಾ ಕಣ್ಣ ನಾ ಭಾಳ ನೋಡೇನಿ."

ಪಂಢರಿನಾಥನ ಕೈ ಮಾಲೆಗೆ ಹೋಯಿತು. "ಇದನ್ನ ಹಾಕ್ಕೊಂಡ ಇಪ್ಪತ್ತ ವರ್ಷ ಆತ್ರಿ. ನಾ ಕುಡಿಯಾಂವ ಅಲ್ಲರಿ."

"ಮಾಲಿ ಹಾಕ್ಕೊಂಡ ಕುಡಿಯಾವ್ರನ್ನೂ ನೋಡೇನಿ," ಅಂದು ಮಗದುಮ್ ಮುಂದೆ ಹೋದರು.

ಗುರುಸಿದ್ಧಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸೀಟಿ ಊದಿದರು.

ಗಾಡಿಗಳು ಗಂಟೆ ಬಾರಿಸುತ್ತ ಮಿರಜಿನ ರಸ್ತೆಗೆ ಬಿದ್ದವು. ಎರಡೂ ಬದಿಗೆ ಜನ. ಮಹಡಿಗಳ ಮೇಲಿಂದ ಕೈಬೀಸು, ಶಾಲೆಯ ಮಕ್ಕಳ ಚಪ್ಪಾಳೆ. ಮುಂಜಾನೆಯ ಅವಮಾನ ಪಂಢರಿನಾಥನ ಎದೆಯಿಂದ ಅರ್ಧ ಇಳಿದೇ ಹೋಯಿತು. ವಿಶ್ರಾಮಬಾಗ ದಾಟುವಾಗ ತರಕಾರಿಯ ಕೈಗಾಡಿಯೊಂದು ಅಡ್ಡ ಬಂತು. ಅವನಿಗೆ ಅದು ಸ್ವಚ್ಛವಾಗಿ ಕಂಡಿತು. ಬ್ರೇಕು ಒತ್ತಬೇಕೆಂದು ತಲೆ ಹೇಳಿತು. ಕಾಲು ಮಾತ್ರ ನಿದ್ದೆಯಿಂದ ಎದ್ದು ಬಂದ ಹಾಗೆ ತಡವಾಗಿ ಬಂತು. ಒಂದು ಗೇಣಿನ ಅಂತರದಲ್ಲಿ ಕೈಗಾಡಿ ಉಳಿಯಿತು. ಯಾರೂ ಗಮನಿಸಲಿಲ್ಲ. ಪಂಢರಿನಾಥ ಮಾತ್ರ ಊರು ಮುಟ್ಟುವವರೆಗೂ ಮುಂದಿನ ಗಾಡಿಯಿಂದ ದೂರವಿಟ್ಟುಕೊಂಡೇ ಓಡಿಸಿದ. ಯಾರಿಗೂ ಹೇಳಲಿಲ್ಲ.

ಕಣ್ಣು ಬಾತುಕೊಳ್ಳಲು ಹತ್ತಿ ಐದು ತಿಂಗಳಾಗಿತ್ತು. ಮೊದಮೊದಲು ಏಳುವಾಗ ಮಾತ್ರ, ಆಮೇಲೆ ದಿನವಿಡೀ. ಹೆಂಡತಿ ಮಂದಾ ತಣ್ಣೀರಿನ ಬಟ್ಟೆ ಇಟ್ಟಳು, ಸೌತೆಕಾಯಿಯ ಬಿಲ್ಲೆ ಇಟ್ಟಳು, ತಲೆಗೆ ಎರಡು ದಿಂಬು ಕೊಟ್ಟಳು, ಸಾರಿನ ಉಪ್ಪು ಕಡಿಮೆ ಮಾಡಿ ಮನೆಮಂದಿಯ ಬೈಗುಳವನ್ನೂ ತಿಂದಳು. ಹೊಗೆಯಲ್ಲಿ ಕೆಲಸ ಮಾಡುವವನಲ್ಲವೇ ಎಂದು ಒಬ್ಬ ಕಣ್ಣಿನ ಡಾಕ್ಟರರು ಅಲರ್ಜಿಯ ಹನಿ ಕೊಟ್ಟಿದ್ದರು. ಹದಿನೈದು ದಿನ ಹಾಕಿದರೂ ಕಣ್ಣು ಹಾಗೇ ಇತ್ತು.

ಕಾರ್ಯಕ್ರಮದ ಮರುದಿನ ಪಕ್ಕದ ಮನೆಗೆ ಅವನಿಗೆ ಫೋನು ಬಂತು. ಲಿಂಗನೂರಿನಿಂದ ಅವನ ತಾಯಿಯ ತಂಗಿ ಸಾವಂತ್ರವ್ವ. ಮಿರಜಿನ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದು, ನಿವೃತ್ತಳಾಗಿ ಊರಿಗೆ ಹೋಗಿದ್ದಳು.

"ಪಂಢರಿ ಇದ್ದರ ಫೋನ್ ಕೊಡ್ರಿ," ಅಂದಳು.

"ನಾನ ಮಾವಶಿ."

"ಯಾರು?"

"ನಾನ, ಪಂಢರಿ."

"ದನಿ ಯಾಕೋ ಹಿಂಗಾಗೇತಿ? ಗಂಟಲಾಗ ಮಣ್ಣ ತುಂಬಿದಂಗ? ನೆಗಡಿ ಏನು?"

"ಇಲ್ಲ ಮಾವಶಿ. ಸುಮಾರ ದಿವಸಾತು, ಹಿಂಗ ಐತಿ."

ಮರುದಿನ ಮೊದಲ ಬಸ್ಸಿಗೇ ಸಾವಂತ್ರವ್ವ ಬಂದಿಳಿದಳು. ಚಹಾ ಕೂಡ ಮುಟ್ಟದೆ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಹುಬ್ಬಿನ ಕೊನಿ ಎಲ್ಲಿ ಹೋತು?"

ಮಂದಾ ಬಗ್ಗಿ ನೋಡಿದಳು. ನಿಜವೇ. ಎರಡೂ ಹುಬ್ಬಿನ ಹೊರತುದಿ ಉದುರಿ ಬೋಳಾಗಿತ್ತು. ದಿನಾ ನೋಡುವ ಮುಖ, ಅವಳಿಗೆ ಹೊಳೆದಿರಲಿಲ್ಲ.

"ಮಾರ್ಚ ತಿಂಗಳದಾಗ ಸ್ವೆಟರ್ ಯಾಕ ಹಾಕ್ಕೊಂಡಿ?"

"ಥಂಡಿ ಹತ್ತತೈತಿ."

"ಊಟ?"

"ಊಟ ಕಮ್ಮಿ ಆಗೇತ್ರಿ ಮಾವಶಿ," ಮಂದಾ ಹೇಳಿದಳು, "ಮೈ ಮಾತ್ರ ಬೆಳ್ಯಾಕ ಹತ್ತೇತಿ. ಹೇಳಿದ್ದ ಮರೀತಾರ. ಕುಂತಲ್ಲೇ ನಿದ್ದಿ."

"ಏಳು, ಚಪ್ಪಲಿ ಹಾಕ್ಕೋ," ಅಂದಳು ಸಾವಂತ್ರವ್ವ. "ಇದು ಕಣ್ಣಿನ ಬ್ಯಾನಿ ಅಲ್ಲ."

ಅವಳು ಕರೆದುಕೊಂಡು ಹೋದದ್ದು ತಾನು ಕೆಲಸ ಮಾಡಿದ್ದ ವಾರ್ಡಿನ ಹಿರಿಯ ಡಾಕ್ಟರರ ಬಳಿ. ಅವರು ಕಣ್ಣಿನ ಕೆಳಗಿನ ಬಾವನ್ನೂ ಮೊಣಕಾಲ ಕೆಳಗನ್ನೂ ಬೆರಳಿನಿಂದ ಒತ್ತಿ ನೋಡಿದರು. ಗುಣಿ ಬೀಳಲಿಲ್ಲ, ನೀರು ತುಂಬಿದ ಬಾವಲ್ಲ ಅದು. ಕಣ್ಣು ತುರಿಸುತ್ತದೆಯೇ, ಮೂತ್ರ ನೊರೆಯಾಗುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಎರಡಕ್ಕೂ ಇಲ್ಲವೆಂದ. ಆಮೇಲೆ ಅವನನ್ನು ಕುರ್ಚಿಯ ಮೇಲೆ ಮೊಣಕಾಲೂರಿಸಿ, ಪಾದ ಹೊರಗೆ ಇಳಿಬಿಡಿಸಿ, ಹಿಮ್ಮಡಿಯ ಮೇಲಿನ ನರಕ್ಕೆ ಸಣ್ಣ ರಬ್ಬರಿನ ಸುತ್ತಿಗೆಯಿಂದ ಬಡಿದರು. ಪಾದ ಜಿಗಿಯಿತು. ಹೋದದ್ದು ಬೇಗ; ತಿರುಗಿ ಬಂದದ್ದು ನಿಧಾನವಾಗಿ, ಎಣ್ಣೆಯೊಳಗೆ ಇಳಿದ ಹಾಗೆ.

ಡಾಕ್ಟರರ ಮುಖ ಅರಳಿತು. ಇನ್ನೊಮ್ಮೆ ಬಡಿದರು. ಪಕ್ಕದ ಕೋಣೆಯಲ್ಲಿದ್ದ ಕಲಿಯುವ ಡಾಕ್ಟರರನ್ನೆಲ್ಲ ಕರೆದು ತೋರಿಸಿದರು. ಸಾವಂತ್ರವ್ವ ತಾನೇ ಪಾಠ ಹೇಳಿದವಳ ಹಾಗೆ ನಡುವೆ ನಿಂತಿದ್ದಳು.

ಬಾತ ಕಣ್ಣಿಗೆ ಕಾರಣ ಹಲವು, ಅಂದರು ಡಾಕ್ಟರರು. ನಿದ್ದೆಗೆಟ್ಟರೆ, ಉಪ್ಪು ಹೆಚ್ಚಾದರೆ, ಧೂಳು ಮೈಗಾಗದಿದ್ದರೆ, ಕಿಡ್ನಿ ಕೆಟ್ಟರೆ, ಕೆಲವರಿಗೆ ಹುಟ್ಟಿನಿಂದಲೇ. ಇವನದು ಥೈರಾಯ್ಡ್ ಇದ್ದ ಹಾಗಿದೆ, ಪಾದ ನಿಧಾನವಾಗಿ ಮರಳುವುದು ಅದರದೇ ಗುರುತು. ಕೊರಳಿನ ಮುಂದಿನ ಆ ಗ್ರಂಥಿ ಸೋಮಾರಿಯಾದರೆ ಇಡೀ ಮೈ ನಿಧಾನವಾಗುತ್ತದೆ: ದನಿ, ಹೊಟ್ಟೆ, ನೆನಪು, ಕೈಕಾಲು. ಆದರೂ ರಕ್ತ, ಮೂತ್ರ ಎರಡೂ ಪರೀಕ್ಷೆಯಾಗಲಿ.

ನಾಲ್ಕನೆಯ ದಿನ ಕಾಗದ ಕೈಗೆ ಬಂತು. ಕಿಡ್ನಿ ಚೆನ್ನಾಗಿತ್ತು. ರೋಗ ಥೈರಾಯ್ಡಿನದೇ. ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಸಣ್ಣ ಗುಳಿಗೆ, ಅರ್ಧ ತಾಸು ಬಿಟ್ಟು ಚಹಾ. ಆರು ವಾರಕ್ಕೆ ಮತ್ತೆ ರಕ್ತಪರೀಕ್ಷೆ. ಗುಳಿಗೆ ಬಹುಶಃ ಜೀವನಪೂರ್ತಿ. ಪಂಢರಿನಾಥ ಕಾಗದವನ್ನು ಎದೆಗೊತ್ತಿಕೊಂಡ. ರೋಗ ಇದೆ ಎಂದು ತಿಳಿದು ಅವನಷ್ಟು ಹಿಗ್ಗಿದವರು ಆ ಬಾಗಿಲಿನಿಂದ ಹೊರಗೆ ಬಂದಿರಲಿಕ್ಕಿಲ್ಲ. ಅಲ್ಲಿಂದಲೇ ಸಾಂಗಲಿಯ ಬಸ್ಸು ಹತ್ತಿದ. ಸಾಹೇಬರ ಟೇಬಲ್ಲಿನ ಮೇಲೆ ಕಾಗದ ಹೇಗೆ ಬಿಸಾಕಬೇಕು, ಏನೇನು ಅನ್ನಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡ. ಬಸ್ಸು ವಿಶ್ರಾಮಬಾಗದಲ್ಲಿ ನಿಂತಾಗ ಹೊರಗೆ ನೋಡಿದ. ತರಕಾರಿಯವನು ಬದನೆಕಾಯಿಗೆ ನೀರು ಚಿಮುಕಿಸುತ್ತಿದ್ದ. ಜೋಡಿಸಿದ ಮಾತೆಲ್ಲ ಚೆದುರಿಹೋಯಿತು.

ಮಗದುಮ್ ಕಾಗದವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು.

"ತಪ್ಪಾತು ನಂದು," ಅಂದರು. "ಎಲ್ಲಾರ ಮುಂದ ಅಂದೇನಿ. ಎಲ್ಲಾರ ಮುಂದನ ಹೇಳ್ತೇನಿ, ತಪ್ಪಾತು ಅಂತ."

"ಇನ್ನೊಂದ ಮಾತ ಐತ್ರಿ ಸಾಹೇಬ್ರ." ಪಂಢರಿನಾಥ ಕಿಸೆಯಿಂದ ಗಾಡಿಯ ಕೀಲಿ ತೆಗೆದು ಟೇಬಲ್ಲಿನ ಮೇಲಿಟ್ಟ. "ಆವತ್ತ ಒಂದ ಕೈಗಾಡಿ ಸ್ವಲ್ಪದಾಗ ಉಳೀತು. ನಂಗ ಕಂಡಿತ್ತು, ಕಾಲ ತಡಾ ಮಾಡ್ತು. ಡಾಕ್ಟರು ಹೂಂ ಅನ್ನೂತನಕ ಇದು ನಿಮ್ಮ ಹಂತ್ಯಾಕ ಇರ್ಲಿ."

ಮಗದುಮ್ ಕೀಲಿಯನ್ನು ಟೇಬಲ್ಲಿನ ಖಾನೆಯಲ್ಲಿಟ್ಟರು. "ಕುಂದ್ರಿ," ಅಂದರು. "ಚಹಾ ತರಸ್ತೇನಿ."

ಮರುದಿನ ಹಾಜರಿಯ ಹೊತ್ತಿನಲ್ಲಿ ಅವರು ಹೇಳಿದಂತೆಯೇ ಎಲ್ಲರ ಮುಂದೆ ಹೇಳಿದರು. ಪಂಢರಿನಾಥನನ್ನು ಫೋನಿನ ಮೇಜಿಗೆ ಹಾಕಿದರು. ಮೊದಲ ಎರಡು ವಾರ ಏನೂ ಆಗಲಿಲ್ಲ. ಗುಳಿಗೆಯ ಮೇಲೆ ಮಂದಾಗೆ ಸಿಟ್ಟೇ ಬಂತು. ನಾಲ್ಕನೆಯ ವಾರ ಅವನು ಸ್ವೆಟರ್ ಬಿಚ್ಚಿ ಪಂಖ ಹಚ್ಚೆಂದ. ಆರನೆಯ ವಾರ ಡಾಕ್ಟರರು ಗುಳಿಗೆಯ ಪ್ರಮಾಣ ಏರಿಸಿದರು. ಆಮೇಲೆ ದಿನದಿನಕ್ಕೆ ಒಂದೊಂದು ಸುದ್ದಿ: ಇವತ್ತು ಮೂರು ಭಾಕರಿ ತಿಂದ, ಇವತ್ತು ಮಧ್ಯಾಹ್ನ ಮಲಗಲಿಲ್ಲ, ಇವತ್ತು ಭಜನೆಯಲ್ಲಿ ದನಿ ಎತ್ತಿದ. ಕಣ್ಣಿನ ಬಾವು ಎಲ್ಲಕ್ಕಿಂತ ಕೊನೆಗೆ ಇಳಿಯಿತು. ಇಳಿದ ದಿನ ಮಂದಾ ಅವನ ಮುಖವನ್ನು ನೋಡುತ್ತ ರೊಟ್ಟಿ ಹೊತ್ತಿಸಿದಳು.

ಜೂನಿನ ಮೊದಲ ವಾರ, ಇನ್ನೂ ಮಳೆ ಬಿದ್ದಿರಲಿಲ್ಲ, ಡಾಕ್ಟರರ ಚೀಟಿ ನೋಡಿ ಮಗದುಮ್ ಕೀಲಿ ಕೊಟ್ಟರು. ಮೂರನೆಯ ದಿನ ಹನ್ನೊಂದು ಗಂಟೆಗೆ ಫೋನು ಬಂತು: ಕುಪವಾಡದಲ್ಲಿ ಹತ್ತಿಯ ಗೋದಾಮಿಗೆ ಬೆಂಕಿ, ಒಳಗೆ ಹೆಣ್ಣಾಳುಗಳಿದ್ದಾರೆ.

ಪಂಢರಿನಾಥ ಓಡಿಹೋಗಿ ಗಾಡಿ ಹತ್ತಿದ. ಗುರುಸಿದ್ಧಪ್ಪ ಇನ್ನೂ ಬಾಗಿಲು ಹಾಕುವಾಗಲೇ ಗಾಡಿ ರಸ್ತೆಯ ಮೇಲಿತ್ತು. ಕಾರ್ಖಾನೆಗಳ ಓಣಿಯಲ್ಲಿ ಒಂದು ಲಾರಿ ನೋಡದೆ ಹಿಂದಕ್ಕೆ ಬಂತು. ಪಂಢರಿನಾಥನಿಗೆ ಯೋಚಿಸುವಷ್ಟು ಪುರುಸೊತ್ತೂ ಸಿಗಲಿಲ್ಲ. ಕಾಲು ಆಗಲೇ ಬ್ರೇಕಿನ ಮೇಲಿತ್ತು, ಕೈ ಆಗಲೇ ಸ್ಟೇರಿಂಗ್ ತಿರುಗಿಸಿತ್ತು. ಲಾರಿಯನ್ನು ಬಳಸಿ ಮುಂದೆ ಹೋದರು.

"ಭಲೇ ಹುಲಿಯಾ," ಅಂದ ಗುರುಸಿದ್ಧಪ್ಪ, ಒಂದು ಕೈಯಿಂದ ಬಾಗಿಲು ಹಿಡಿದುಕೊಂಡು.

ಗೋದಾಮಿನ ಮುಂಬಾಗಿಲಲ್ಲಿ ಉರಿ. ಹಿಂದಿನ ಗೋಡೆಯ ಕಿಟಕಿಯಲ್ಲಿ ಕೈಗಳು ಕಾಣುತ್ತಿದ್ದವು. ಪಂಢರಿನಾಥ ಗಾಡಿಯನ್ನು ಹಿಂದುಮುಂದು ಮಾಡಿ ಇಕ್ಕಟ್ಟಿನ ಸಂದಿಯೊಳಗೆ ಕಿಟಕಿಯವರೆಗೂ ನುಗ್ಗಿಸಿದ. ಸರಳು ಮುರಿದರು. ಏಳು ಜನ ಹೆಂಗಸರು ಗಾಡಿಯ ನೆತ್ತಿಯ ಮೇಲೆ ಕಾಲಿಟ್ಟು ಒಬ್ಬೊಬ್ಬರಾಗಿ ಇಳಿದರು. ಅಷ್ಟರಲ್ಲಿ ಸಾಂಗಲಿಯ ಬಂಬ ಇನ್ನೊಂದು ಬದಿಯಿಂದ ಬಂತು, ಮಗದುಮ್ ಅದರ ಮೇಲೇ ನಿಂತಿದ್ದರು. ಎರಡೂ ಊರಿನ ಪೈಪುಗಳನ್ನು ಜೋಡಿಸಿ ನೀರು ಬಿಟ್ಟರು. ಎರಡು ತಾಸಿನಲ್ಲಿ ಬೆಂಕಿ ಸತ್ತಿತು.

ಕೊನೆಗೆ ಇಳಿದಿದ್ದ ಮುದುಕಿ ದುಂಡವ್ವ ಸೀರೆಯ ಹತ್ತಿ ಝಾಡಿಸಿಕೊಳ್ಳುತ್ತ ಪಂಢರಿನಾಥನ ಬಳಿ ಬಂದಳು. "ನಿಂದು ಯಾವೂರಪ್ಪಾ?"

"ಮಿರಜ, ಯವ್ವಾ."

"ಮಿರಜಿಂದ ಇಷ್ಟ ಲಗೂನ ಬಂದ್ಯಾ?" ಅಂದು ಅವಳು ಇಳಿಯುವಾಗಲೂ ಕಂಕುಳಲ್ಲೇ ಇದ್ದ ತನ್ನ ಬುತ್ತಿಯ ಗಂಟನ್ನು ಅವನ ಕೈಯಲ್ಲಿಟ್ಟಳು. ಜೋಳದ ಭಾಕರಿ, ಶೇಂಗಾ ಚಟ್ನಿ. ಪಂಢರಿನಾಥ, ಗುರುಸಿದ್ಧಪ್ಪ, ಮಗದುಮ್ ಮೂವರೂ ಮಸಿಗೈಯಲ್ಲೇ ಮುರಿದುಕೊಂಡು, ಒದ್ದೆ ಪೈಪಿನ ಸುರುಳಿಯ ಮೇಲೆ ಕುಳಿತು ತಿಂದರು.