ಅಚ್ಚಾಗಿ ಬರಲಿ

ಶಿವನಿ ಸ್ಟೇಷನ್ನಿಗೆ ಬೆಂಗಳೂರಿನ ಪೇಪರು ಬೆಳಗಿನ ಹತ್ತರ ಗಾಡಿಗೆ ಬರುತ್ತಿತ್ತು. ಬರುತ್ತಿದ್ದದ್ದು ಎರಡೇ ಪ್ರತಿ. ಒಂದು ಸ್ಟೇಷನ್ ಮಾಸ್ತರರಿಗೆ, ಇನ್ನೊಂದು ಬೆಲ್ಲ-ಕಡಲೆಯ ಅಂಗಡಿಯ ಶಿವಮೂರ್ತಪ್ಪನಿಗೆ. ಎರಡೂ ಕಣ್ಣಿಗೆ ಪೊರೆ ಬಂದು ತನ್ನ ಬೆರಳೇ ತನಗೆ ಕಾಣದವನಿಗೆ ಪೇಪರು ಯಾಕೆ ಅಂತೀರಾ? ಓದುವುದಕ್ಕೆ ಹೊನ್ನಯ್ಯ ಇದ್ದನಲ್ಲ! ದಿನವೂ ಸ್ಟೇಷನ್ನಿಗೆ ಹೋಗಿ ಪೇಪರು ತರುವವನೂ ಅವನೇ, ಅಂಗಡಿಯ ಜಗಲಿ ಹತ್ತಿ ಗಂಟಲು ಹರಿಯುವಂತೆ ಓದುವವನೂ ಅವನೇ. ಅದೂ ಕೊನೆಯ ಪುಟದಿಂದ. ಫುಟ್‌ಬಾಲ್ ಇದ್ದರೆ ಮೊದಲು ಅದು, ದೇಶದ ಸಮಾಚಾರವೆಲ್ಲ ಆಮೇಲೆ.

ಹೊನ್ನಯ್ಯ ಯುದ್ಧದ ಕಾಲದಲ್ಲಿ ಪಟಾಲಮ್ಮು ಸೇರಿ ಈಜಿಪ್ಟಿನವರೆಗೆ ಹೋಗಿ ಬಂದವನು. ಅಲ್ಲಿ ಯುಗೋಸ್ಲಾವಿಯದ ಸಿಪಾಯಿಗಳು ಮರಳಿನ ಮೇಲೆ ಆಡಿದ್ದನ್ನು ಕಣ್ಣಾರೆ ಕಂಡಿದ್ದ. ಅಲ್ಲಿಂದ ಮುಂದೆ ಅವನು ರಾಗಿ ಬಿತ್ತುತ್ತಿದ್ದರೂ ತಲೆಯಲ್ಲಿ ಚೆಂಡೇ ಉರುಳುತ್ತಿತ್ತು. ಯಾವ ದೇಶದ ಟೀಮಿನ ಹೆಸರು ಹೇಳಿ, ತೀರ್ಪು ಸಿದ್ಧ.

"ಹಂಗೇರಿಯೋರು ಬುದ್ಧಿವಂತ್ರು ಕಣಯ್ಯ, ಕಾಲಲ್ಲೇ ಲೆಕ್ಕ ಹಾಕ್ತಾರೆ. ಜಪಾನ್ನೋರಿಗೆ ಶಿಸ್ತೈತೆ, ಕಿಚ್ಚಿಲ್ಲ. ಕೊರಿಯಾದೋರು ಎಷ್ಟು ಓಡಿದ್ರೂ ದಣಿಯಾಕಿಲ್ಲ. ನಮ್ಮೋರು ಇದಾರಲ್ಲ, ಒಂದು ಗೋಲು ಹೊಡೆದ್ರೆ ಸಾಕು, ಮೈಮರ್ತು ಬಿಡ್ತಾರೆ."

"ನಮ್ಮ ಹುಡುಗ್ರುನ್ನ ಏನೂ ಅನ್ಬೇಡ ಕಣೋ," ಎನ್ನುತ್ತಿದ್ದ ಶಿವಮೂರ್ತಪ್ಪ. ಅವನು ಜನ್ಮದಲ್ಲಿ ಒಂದು ಫುಟ್‌ಬಾಲ್ ಮುಟ್ಟಿದವನಲ್ಲ. "ಚೆಂಡು ಎಷ್ಟು ದಪ್ಪ ಇರ್ತದೋ?" ಎಂದು ಹತ್ತು ಸಲ ಕೇಳಿ, "ಮಟ್ಟೆ ಸುಲೀದಿರೋ ತೆಂಗಿನಕಾಯಿಯಷ್ಟು" ಎಂದು ಹತ್ತು ಸಲ ಹೇಳಿಸಿಕೊಂಡಿದ್ದ. ಆದರೂ ವಾದಕ್ಕೆ ಮಾತ್ರ ಒಂದು ದಿನವೂ ಸೋಲುತ್ತಿರಲಿಲ್ಲ.

ಐವತ್ತಾರರಲ್ಲಿ ಒಂದು ಫಜೀತಿ ನಡೆದಿತ್ತು. ಮೆಲ್ಬರ್ನಿನ ಒಲಿಂಪಿಕ್ಸಿನಲ್ಲಿ ನಮ್ಮವರಿಗೂ ಯುಗೋಸ್ಲಾವಿಯಕ್ಕೂ ಸೆಮಿಫೈನಲ್. ಗಾಡಿಯಲ್ಲಿ ಬಂದ ಯಾರೋ ಪುಣ್ಯಾತ್ಮ ಕಿಟಕಿಯಿಂದ, "ರೇಡಿಯೋದಾಗೆ ಬಂತು, ಇಂಡಿಯಾ ಒಂದು ಗೋಲು ಮುಂದೆ!" ಎಂದ. ಹೊನ್ನಯ್ಯ ಪೂರ್ತಿ ಕೇಳಿದನೇ? ಓಡಿ ಬಂದು, ಗೆದ್ದೇ ಬಿಟ್ಟೆವು ಎಂದು ಸಾರಿದ. ಶಿವಮೂರ್ತಪ್ಪ ಊರಿಗೆಲ್ಲ ಸಕ್ಕರೆ ಹಂಚಿದ. ಮಾರನೆಯ ದಿನದ ಪೇಪರಿನಲ್ಲಿ ಏನಿತ್ತು? ನಾಲ್ಕು-ಒಂದು, ಸೋಲು. ಊರವರು ಹೊನ್ನಯ್ಯನನ್ನು ಕಂಡಾಗಲೆಲ್ಲ, "ಸಕ್ಕರೆ ಐತೇನಣ್ಣಾ?" ಎಂದು ವರ್ಷಗಟ್ಟಲೆ ಕಾಡಿದರು. ಮರ್ಯಾದೆ ಮೂರಾಬಟ್ಟೆಯಾಯಿತು. ಅಂದಿನಿಂದ ಅವನದು ಒಂದೇ ಹಟ: ಯಾರೇನೇ ಹೇಳಲಿ, ಅಚ್ಚಾಗಿ ಬರಲಿ, ಆಮೇಲೆ ನಂಬುತ್ತೇನೆ.

ಅರವತ್ತೆರಡನೆಯ ಇಸವಿ, ಜಕಾರ್ತದ ಏಷ್ಯನ್ ಆಟ. ಮೊದಲ ಪಂದ್ಯದಲ್ಲೇ ನಮ್ಮವರು ಕೊರಿಯಾದ ಕೈಲಿ ಎರಡು-ಸೊನ್ನೆ ಸೋತರು. ಜಗಲಿಯ ಮೇಲೆ ಹೊನ್ನಯ್ಯ ಕುದಿದುಹೋದ. ಬಾಯಿಗೆ ಬಂದಂತೆ ನಮ್ಮವರನ್ನು ಬೈದ. ಶಿವಮೂರ್ತಪ್ಪ ನಗುತ್ತ, "ಬಿಡೋ, ಸೋತೋರಿಗೆ ಸಕ್ಕರೆ ಹಂಚಿಸ್ದೋನು ನೀನೇ ಅಲ್ವೇನೋ?" ಎಂದುಬಿಟ್ಟ.

ಊರೆಲ್ಲ ಅಂದರೂ ಸಹಿಸಿದ್ದವನಿಗೆ ಗೆಳೆಯ ಅಂದದ್ದು ತಡೆಯಲಾಗಲಿಲ್ಲ. ಹೊನ್ನಯ್ಯ ದಡಕ್ಕನೆ ಎದ್ದ. "ನಿನ್ನ ಈ ಹುಡುಗ್ರು ಚಿನ್ನ ಗೆದ್ದ ದಿನ ಈ ಜಗಲಿ ಹತ್ತೀನಿ. ಅಲ್ಲೀವರ್ಗೂ ಹತ್ತಿದ್ರೆ ನಮ್ಮನೆ ದೇವ್ರಾಣೆ!"

ಆಣೆ ಇಟ್ಟ, ಸರಿ. ಪೇಪರು ಓದದೆ ಇರಲಾದೀತೇ? ಮಾರನೆಯ ದಿನದಿಂದ ಬೀದಿಯ ಆಚೆಕಡೆಯ ಕಲ್ಲಿನ ಮೇಲೆ ಕೂತು, ಎದುರಿಗಿದ್ದ ಬೇವಿನ ಮರಕ್ಕೆ ಹೇಳುವವನಂತೆ ಗಟ್ಟಿಯಾಗಿ ಓದತೊಡಗಿದ. ಶಿವಮೂರ್ತಪ್ಪನೂ ಕಡಿಮೆಯವನಲ್ಲ, ಜಗಲಿಯ ಕಂಬಕ್ಕೆ ಹೇಳುವವನಂತೆ, "ಗೋಲು ಎಷ್ಟಂತೆ?" ಎಂದು ಕೇಳುತ್ತಿದ್ದ. ಥಾಯ್ಲೆಂಡಿನ ಮೇಲೆ ನಾಲ್ಕು-ಒಂದು. ಜಪಾನಿನ ಮೇಲೆ ಎರಡು-ಸೊನ್ನೆ. ಬೀದಿಯಲ್ಲಿ ಹೋಗುವವರು ಈ ಇಬ್ಬರು ಮುದುಕರನ್ನು ನೋಡಿ ನಕ್ಕು ಸಾಕಾದರು.

ಅಷ್ಟರಲ್ಲಿ ಶಿವಮೂರ್ತಪ್ಪನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. ತರೀಕೆರೆಯ ಡಾಕ್ಟರು ಬಂದು ಸೂಜಿ ಚುಚ್ಚಿ, ಗಾಳಿಗೆ ಬಿಡಬೇಡಿ ಎಂದು ಹೋದರು. ಹಾಸಿಗೆ ಒಳಮನೆಗೆ ಹೋಯಿತು. ಅವನ ಹೆಂಡತಿ ತೀರ್ಥಮ್ಮ ಬೀದಿಗೆ ಬಂದಳು.

"ಹೊನ್ನಣ್ಣ, ನಿನ್ ದನಿ ಒಳಕ್ಕೆ ಕೇಳ್ಸಲ್ಲ. ಬಂದು ಓದ್ಬೇಕಂತೆ."

"ಆಣೆ ಆಗೋಗೈತೆ ಕಣಮ್ಮ. ಇನ್ನೆರಡೇ ಪಂದ್ಯ. ಎರಡೂ ಗೆದ್ರೆ ನಾನೇ ಓಡ್ಬತ್ತೀನಿ."

ವಿಯೆಟ್ನಾಮಿನ ಮೇಲೆ ಮೂರು-ಎರಡು ಗೆದ್ದದ್ದನ್ನು ಅವನು ಬೀದಿಯಲ್ಲೇ ನಿಂತು ಕಿರುಚಿ ಓದಿದ. ಕೆಮ್ಮು ಬರುವಷ್ಟು ಕಿರುಚಿದ. ಫೈನಲ್ ಮತ್ತೆ ಅದೇ ಕೊರಿಯಾದ ಜೊತೆ. ಹೊನ್ನಯ್ಯನಿಗೆ ಅನ್ನ ಸೇರಲಿಲ್ಲ. ಹತ್ತು ವರ್ಷ ಹಳಿದ ಟೀಮಿಗಾಗಿ ಈಗ ಮನೆದೇವರ ಮುಂದೆ ನಿಂತು ಕೈಮುಗಿದ. ಗೆಲ್ಲಲಿ ಎಂದಲ್ಲ, ಜಗಲಿ ಹತ್ತಲಿಕ್ಕಾಗಲಿ ಎಂದು.

ಫೈನಲ್ ನಡೆದ ದಿನ ಸಂಜೆ ಶಿವಮೂರ್ತಪ್ಪನ ನೆರೆಮನೆಯ ಮುದ್ದಪ್ಪ ಅಜ್ಜಂಪುರದಿಂದ ಬಂದವನು ಹೊಲದ ಬದುವಿನಲ್ಲೇ ಕೂಗಿದ: "ಹೊನ್ನಣ್ಣೋ, ಗೆದ್ವಂತೆ! ರೇಡಿಯೋದಾಗೆ ಹೇಳಿದ್ರು!"

ಹೊನ್ನಯ್ಯನ ಕಾಲು ಎರಡು ಹೆಜ್ಜೆ ಊರ ಕಡೆ ಹಾಕಿಯೂ ಬಿಟ್ಟಿತು. ಆಮೇಲೆ ಸಕ್ಕರೆ ನೆನಪಾಯಿತು.

"ಅಚ್ಚಾಗಿ ಬರ್ಲಿ," ಎಂದ.

ರಾತ್ರಿಯೆಲ್ಲ ನಿದ್ದೆಯಿಲ್ಲ. ಇನ್ನೂ ಕತ್ತಲಿರುವಾಗಲೇ ಎದ್ದು, ಊರೊಳಗೆ ಹಾಯದೆ ಹೊಲದ ದಾರಿಯಲ್ಲಿ ಸ್ಟೇಷನ್ನಿಗೆ ಹೋಗಿ ಕೂತ. ಗಾಡಿ ಬಂತು. ಕಟ್ಟನ್ನು ಬಿಚ್ಚುವವರೆಗೂ ತಾಳಲಿಲ್ಲ, ಕಿತ್ತುಕೊಂಡ. ಎರಡು-ಒಂದು. ಇಂಡಿಯಾಕ್ಕೆ ಚಿನ್ನ. ಅಚ್ಚಾಗಿತ್ತು, ದಪ್ಪಕ್ಷರದಲ್ಲಿ ಅಚ್ಚಾಗಿತ್ತು!

ಐವತ್ತು ದಾಟಿದವನು ಪಂಚೆ ಎತ್ತಿ ಕಟ್ಟಿ ಓಡಿದ. ಬೀದಿಯ ತಿರುವಿಗೆ ಬಂದಾಗ ದೂರದಿಂದಲೇ ಕಂಡಿತು: ಜಗಲಿಯ ಮೇಲೆ, ತನ್ನ ಎಂದಿನ ಜಾಗದಲ್ಲಿ, ಶಿವಮೂರ್ತಪ್ಪ ನೆಟ್ಟಗೆ ಕೂತಿದ್ದಾನೆ. ಬಿಳಿ ರುಮಾಲು ಸುತ್ತಿದ್ದಾನೆ. ಅಬ್ಬಾ, ಎದ್ದು ಕೂತನಲ್ಲ! ಪೇಪರು ಕೇಳಲೆಂದೇ ಎದ್ದು ಕೂತಿದ್ದಾನೆ!

"ಗೆದ್ವಿ ಕಣೋ ಶಿವಮೂರ್ತೀ! ನಿನ್ನ ಹುಡುಗ್ರು ಗೆದ್ರು ಕಣೋ!"

ಜಗಲಿಯ ಕೆಳಗಿದ್ದ ಜನ ತಿರುಗಿ ನೋಡಿದರು. ಒಬ್ಬರೂ ನಗಲಿಲ್ಲ. ಆಗ ಕೊರಳ ಹಾರ ಕಂಡಿತು, ಹಣೆ ತುಂಬ ವಿಭೂತಿ ಕಂಡಿತು, ಬೀಳದಂತೆ ಕಂಬಕ್ಕೆ ಸೇರಿಸಿ ಎದೆಗೆ ಕಟ್ಟಿದ ಬಿಳಿ ಬಟ್ಟೆ ಕಂಡಿತು. ಅವರಲ್ಲಿ ಹೋದವರನ್ನು ಕೂರಿಸಿಯೇ ಕಳಿಸುವುದು. ಅದು ಹೊನ್ನಯ್ಯನಿಗೆ ಗೊತ್ತಿಲ್ಲದ್ದೇನಲ್ಲ.

ಅವನು ಜಗಲಿ ಹತ್ತಿದ. ತನ್ನ ಜಾಗದಲ್ಲಿ ಕೂತ. ಪೇಪರು ಬಿಡಿಸಿ, ಕೊನೆಯ ಪುಟದಿಂದ, ಒಂದಕ್ಷರ ಬಿಡದೆ ಓದಿದ. ಕೊರಿಯಾದವರು ಹೊಡೆದ ಗೋಲನ್ನೂ ಓದಿದ. ಶಿವಮೂರ್ತಪ್ಪ ನಡುವೆ ಬಾಯಿ ಹಾಕುತ್ತಿದ್ದ ಕಡೆಯಲ್ಲೆಲ್ಲ ಅಭ್ಯಾಸದಂತೆ ನಿಲ್ಲಿಸಿ ಕಾದ. "ಸೋತೆ ಕಣಯ್ಯ, ಇವತ್ತು ನಾನೇ ಸೋತೆ," ಎಂದು ಬಿಕ್ಕಿ ಅತ್ತ. ಯಾರೂ ತಡೆಯಲಿಲ್ಲ.

ತೀರ್ಥಮ್ಮ ಹೊಸ್ತಿಲ ಹತ್ತಿರ ಕೂತಿದ್ದಳು.

"ನಿನ್ನೆ ದೀಪ ಹಚ್ಚೋ ಹೊತ್ಗೆ ಮುದ್ದಪ್ಪ ಬಂದು ಹೇಳ್ದ, ಹೊನ್ನಣ್ಣ. 'ಗೆದ್ರಾ? ಹಂಗಾರೆ ಹೊನ್ನ ಈಗ ಬತ್ತಾನೆ, ಗಾಳಿ ಬಂದ್ರೂ ಚಿಂತಿಲ್ಲ, ಬಾಗ್ಲು ತೆಗ್ದಿಡೇ' ಅಂದ್ರು," ಎಂದಳು. "ಬೆಳಗಿನ ಜಾವ ಉಸ್ರು ಹೋಗೋವರ್ಗೂ ತೆಗ್ದೇ ಇತ್ತು."