ಮೇಲಿನವರ ಹೇಲು

"ಕೈ ಎತ್ತೋ ಬೋಳಿಮಗನೆ. ಕಂಕುಳಿಗೂ ಹೊಡೀಬೇಕು."

ಮುಳುಗ ಕೈ ಎತ್ತಿದ. ಓಣಿಯನ್ನು ಸೀಲು ಮಾಡಲು ಹೊಡೆದಿದ್ದ ತಗಡಿನ ಬಾಗಿಲಲ್ಲಿ ನಿಂತ ಪೊಲೀಸಿನವನು ಬೆನ್ನಿಗೆ ಕಟ್ಟಿಕೊಂಡಿದ್ದ ಡಬ್ಬಿಯ ಹಿಡಿಯನ್ನು ಕಟಕಟ ಒತ್ತುತ್ತ, ಬೆಳೆಗೆ ಔಷಧಿ ಹೊಡೆಯುವವನ ಹಾಗೆ ಅವನ ಕಂಕುಳು, ಹೊಟ್ಟೆ, ತೊಡೆಸಂದಿಗೆಲ್ಲ ಬ್ಲೀಚಿಂಗ್ ನೀರು ಹೊಡೆದ. ಎರಡು ಹನಿ ಕಣ್ಣಿಗೂ ಬಿದ್ದು ಉರಿ ಹತ್ತಿತು.

"ತಿರುಗು. ಥೂ, ಏನು ನಾತಾನೋ ನಿಮ್ಮ ಜನಕ್ಕೆ."

"ನಾತ ಈಗೆಲ್ಲಿ ಸ್ವಾಮಿ? ಇನ್ನೂ ಇಳಿದೇ ಇಲ್ಲ. ಇಳಿದು ಬಂದ್ಮೇಲೆ ಮೂಸಿ ನೋಡಿ."

"ಬಾಯಿ ಮುಚ್ಕೊಂಡು ತಿರುಗು ಅಂದೆ."

ತಿರುಗಿದ. ಗುಡ್ಡದ ಬಡಾವಣೆಯವರ ಕಕ್ಕಸಿನ ಕೊಳವೆಗೆ ಕೈ ಹಾಕುವುದಕ್ಕೆ ಮುಂಚೆ ಅವನು ಚೊಕ್ಕಟವಾಗಬೇಕಂತೆ. ಇದಕ್ಕೆ ನಗಬೇಕೋ ಉಗಿಯಬೇಕೋ ನೀವೇ ಹೇಳಿ.

ಮುಳುಗ ಅಂದರೆ ಚರಂಡಿಯ ಗುಂಡಿಗೆ ಇಳಿಯುವವನು. ಮೇಲೆ ನಿಂತು ಅವನ ಸೊಂಟದ ಹಗ್ಗ ಹಿಡಿಯುವವನ ಹೆಸರು ಹಗ್ಗ. ಹುಟ್ಟಿದಾಗ ಇಟ್ಟ ಹೆಸರು ಇಬ್ಬರಿಗೂ ಇತ್ತು, ಕರೆಯುವವರು ಇರಲಿಲ್ಲ. ಹಗ್ಗ ಅವನ ಹೆಂಡತಿಯ ಅಣ್ಣ. ಹಗ್ಗ ಹಿಡಿಯುವವನು ಹೆಂಡತಿಯ ಕಡೆಯವನೇ ಆಗಿರಬೇಕು ಅನ್ನುವುದು ಆ ಕಸುಬಿನ ಕಟ್ಟಳೆ. ಒಡಹುಟ್ಟಿದವನಾದರೆ ಒಳಗೆ ಗಾಳಿ ಕೆಟ್ಟು ಕೂಗಿದಾಗ ತಡೆಯಲಾರದೆ ತಾನೂ ಧುಮುಕುತ್ತಾನೆ, ಒಂದು ಹೆಣದ ಜಾಗದಲ್ಲಿ ಎರಡು. ಹೆಂಡತಿಯ ಅಣ್ಣ ಹಾಗಲ್ಲ. ತಂಗಿ ಮುಂಡೆಯಾಗಿ ತನ್ನ ಮನೆಗೇ ಬಂದು ಕೂರುತ್ತಾಳೆಂಬ ಹೆದರಿಕೆಗಾದರೂ ಮೇಲೆಯೇ ನಿಂತು ಎಳೆಯುತ್ತಾನೆ. ಇದನ್ನು ಹಗ್ಗನೇ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದ. ಈವತ್ತು ಅವನೂ ನಗಲಿಲ್ಲ, ಸುಮ್ಮನೆ ಕೈ ಎತ್ತಿ ಹೊಡೆಸಿಕೊಂಡ.

ಅವನ ಅಂಗಿಯ ಜೇಬಿನಲ್ಲಿ ಮುಳುಗನ ಫೋನಿತ್ತು. ಕರೆ ಕಡಿದಿರಲಿಲ್ಲ. ಆ ಕಡೆ ಮುಳುಗನ ಹೆಂಡತಿ ತನ್ನ ಫೋನನ್ನು ಅಕ್ಕನ ಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದಳು.

ಅಕ್ಕ ಅಂದರೆ ಮುಳುಗನ ಅಕ್ಕ. ತಾಯಿ ಸತ್ತಾಗ ಅವನಿನ್ನೂ ತೆವಳುತ್ತಿದ್ದ. ಕಂಡವರ ಮನೆಯ ಪಾತ್ರೆ ತಿಕ್ಕಿ, ತಾನು ಮದುವೆಯೂ ಆಗದೆ ಅವನನ್ನು ಸಾಕಿದವಳು ಅವಳು. ಮೊನ್ನೆಯಿಂದ ಅವಳಿಗೆ ಮಲಗುವುದಕ್ಕಾಗುತ್ತಿರಲಿಲ್ಲ. ಗೋಡೆಗೆ ಒರಗಿ, ತೊಡೆಯ ಮೇಲೆ ದಿಂಬು ಇಟ್ಟುಕೊಂಡು, ಒಂದೊಂದು ಉಸಿರಿಗೂ ಎರಡೂ ಭುಜ ಎತ್ತುತ್ತಿದ್ದಳು. ತುಟಿ ನೇರಳೆ ತಿಂದವರ ಹಾಗೆ ಕಪ್ಪಾಗಿತ್ತು. ಅಂಬುಲೆನ್ಸಿಗೆ ಫೋನು ಮಾಡಿದರೆ, ಯಾವ ಓಣಿ ಅಂತ ಕೇಳಿ ಇಟ್ಟುಬಿಡುತ್ತಿದ್ದರು. ತಗಡಿನೊಳಕ್ಕೆ ಅವರು ಬರುವ ಹಾಗಿಲ್ಲ, ತಗಡಿನಾಚೆ ಇವರು ಹೋಗುವ ಹಾಗಿಲ್ಲ.

ಬೆಳಿಗ್ಗೆ ಚರಂಡಿ ಇಂಜಿನಿಯರೇ ಫೋನು ಮಾಡಿದ್ದ. ಗುಡ್ಡದ ಬುಡದ ಸಭಾಭವನದ ಮುಂದೆ ಕೊಳವೆ ಕಟ್ಟಿಕೊಂಡಿದೆ, ಒಳಗೆ ದೊಡ್ಡ ಕಾರ್ಯಕ್ರಮ, ಬಂದು ಬಿಡಿಸು ಅಂದ.

"ಮೊದ್ಲು ನಮ್ಮಕ್ಕಂಗೆ ಅಂಬುಲೆನ್ಸ್ ಕಳ್ಸಿ ಸಾರ್."

"ಹೇಳಿದೀನಪ್ಪ. ಹೊರಟಿದೆ ಅಂತ ತಿಳ್ಕೋ. ನೀನು ಇಲ್ಲಿ ಇಳಿಯೋಷ್ಟ್ರಲ್ಲಿ ಅಲ್ಲಿ ಬಂದಿರುತ್ತೆ."

ಆ ಮಾತನ್ನು ನಂಬಿಕೊಂಡು ಇಬ್ಬರೂ ಕೈಗಾಡಿ ತಳ್ಳುತ್ತ ಗುಡ್ಡದ ಕಡೆಗೆ ನಡೆದರು.

ಹೊರಗಿನಿಂದ ನೋಡಿದರೆ ತಗಡಿನ ಮೇಲೆ ಕೆಂಪಕ್ಷರದಲ್ಲಿ ಬರೆದದ್ದು ಕಾಣುತ್ತಿತ್ತು. ರೋಗದ ಮೂಲ, ಹತ್ತಿರ ಬರಬೇಡಿ. ಮೂಲವಂತೆ, ಮೂಲ. ರೋಗ ಹುಟ್ಟಿದ್ದು ಎಲ್ಲಿ ಅಂತ ಓಣಿಯ ಕೂಸಿಗೂ ಗೊತ್ತು. ಅಕ್ಕ ಪಾತ್ರೆ ತಿಕ್ಕುತ್ತಿದ್ದದ್ದು ಗುಡ್ಡದ ವಾರ್ಡ್ ಮೆಂಬರ್ರ ಮನೆಯಲ್ಲಿ. ಮೊದಲು ವಿಮಾನ ಇಳಿದು ಬಂದ ಮಗ ಕೆಮ್ಮಿದ. ಆಮೇಲೆ ಸೊಸೆ, ಆಮೇಲೆ ಮೆಂಬರ್ರು. ಡಾಕ್ಟರು ಮನೆಗೇ ಬಂದು ಹೋದರು, ಹೊರಗೆ ಸುದ್ದಿ ಬಿಡಲಿಲ್ಲ. ಅವರು ಉಗುಳಿದ ಬೇಸಿನ್ನು, ಒರೆಸಿಕೊಂಡ ಬಟ್ಟೆ, ಕಕ್ಕಿದ ಹಾಸಿಗೆ ಎಲ್ಲ ತೊಳೆದವಳು ಅಕ್ಕ. ಅವಳು ಒಂದು ಸಲ ಕೆಮ್ಮಿದ್ದೇ ತಡ, ಹಿತ್ತಿಲ ಬಾಗಿಲಿಂದ ಆಚೆ ಹಾಕಿದರು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ.

ಆಮೇಲೆ ಬಾಟ್ಲಿ ಮೇಡಮ್ಮು ಬಂದಳು. ದೊಡ್ಡ ಲ್ಯಾಬಿನವಳು. ಚರಂಡಿಯ ನೀರು ಪರೀಕ್ಷೆ ಮಾಡಿದರೆ ರೋಗ ಎಲ್ಲಿದೆ ಅಂತ ಮೊದಲೇ ತಿಳಿಯುತ್ತದಂತೆ. ಕೆಟ್ಟವಳಲ್ಲ. ಮುಳುಗನಿಗೆ ಒಳ್ಳೆಯ ಕೈಗವಸು ಕೊಟ್ಟ ಮೊದಲನೆಯವಳು ಅವಳೇ, ಅವನನ್ನು ಬಹುವಚನದಲ್ಲಿ ಮಾತಾಡಿಸಿದವಳೂ ಅವಳೇ. ಓಣಿಯ ಬಾಯಲ್ಲಿರುವ ಗುಂಡಿಯಿಂದ ಬಾಟಲಿ ತುಂಬಿ ಕೊಡುವಾಗ ಅವನು ಹೇಳಿದ್ದ.

"ಮೇಡಂ, ಇದ್ರಲ್ಲಿ ನಮ್ಮದು ಒಂದು ಹನೀನೂ ಇಲ್ಲ. ನಮ್ಮ ಓಣಿಗೆ ಕೊಳವೇನೇ ಇಲ್ಲ, ಹಿಂದಿನ ಹಳ್ಳದ ಕಡೆ ಹೋಗ್ತೀವಿ. ಇದು ಗುಡ್ಡದ್ದು. ಮೇಲಿಂದ ಇಳಿದು ನಮ್ಮ ಕಾಲ ಕೆಳಗೆ ಹಾದು ಹೋಗುತ್ತೆ, ಅಷ್ಟೆ."

"ಗೊತ್ತು ನನಗೆ. ನಕ್ಷೆ ನೋಡಿದೀನಿ," ಅಂದಿದ್ದಳು.

ಗೊತ್ತಿತ್ತು ಅವಳಿಗೆ. ಗೊತ್ತಿಲ್ಲದೆ ಆದದ್ದಾಗಿದ್ದರೆ ಮುಳುಗನಿಗೆ ಅಷ್ಟು ಹೇಸಿಗೆ ಆಗುತ್ತಿರಲಿಲ್ಲ.

ಬಾಟಲಿಯಲ್ಲಿ ರೋಗ ಸಿಕ್ಕಿತು. ಬಾಟಲಿ ಸುಳ್ಳು ಹೇಳಲಿಲ್ಲ. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಊರು. ಗುಂಡಿ ಯಾರ ಮನೆ ಮುಂದೆ ಇದೆ ಅಂತ ಮೆಂಬರ್ರು ಕೇಳಿದರು, ಸಂಜೆಯೊಳಗೆ ತಗಡು ಬಂತು. ಮುಳುಗ ತಗಡಿನ ಸಂದಿಯಿಂದಲೇ ಮೇಡಮ್ಮನ್ನು ಕೂಗಿ ಕರೆದ.

"ನೀವು ಒಂದು ಮಾತು ಹೇಳಿ ಮೇಡಂ. ಆ ಹೇಲು ಯಾರ್ದು ಅಂತ ಹೇಳಿ, ಸಾಕು."

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ನಾನು ಗುಂಡಿ ನಂಬರ್ ಬರೆದು ಕೊಟ್ಟೆ, ನೀರಲ್ಲಿ ಏನಿದೆ ಅಂತ ಬರೆದು ಕೊಟ್ಟೆ. ಅದು ವಿಜ್ಞಾನ. ಯಾವ ಓಣಿ ಮುಚ್ಚಬೇಕು ಅನ್ನೋದು ರಾಜಕೀಯ. ನಾನು ಅದಕ್ಕೆ ಬಾಯಿ ಹಾಕಿದ್ರೆ ನಾಳೆ ಜನ ವಿಜ್ಞಾನವನ್ನೇ ನಂಬಲ್ಲ. ಎರಡನ್ನೂ ಬೆರೆಸಬಾರದು ನೋಡಿ."

ಮೆಂಬರ್ರಿಗೆ ಫೋನು ಮಾಡಿದವರಿಗೆ ಅವರೂ ಅದನ್ನೇ ಅಂದರು. ನಾನಲ್ಲಪ್ಪ ಮುಚ್ಚಿದ್ದು, ವಿಜ್ಞಾನ ಮುಚ್ಚಿದ್ದು, ಇದರಲ್ಲಿ ರಾಜಕೀಯ ಬೆರೆಸಬೇಡಿ.

ಸಭಾಭವನ ಗುಡ್ಡದ ಮನೆಗಳಿಗೆಲ್ಲ ತಗ್ಗಿನಲ್ಲಿತ್ತು. ಗೇಟಿಗೆ ಹೊಸ ಬಟ್ಟೆಯ ಬ್ಯಾನರು ಕಟ್ಟಿದ್ದರು. 'ಸಾಂಕ್ರಾಮಿಕ: ವಿಜ್ಞಾನ ಬೇರೆ, ರಾಜಕೀಯ ಬೇರೆ. ಚರ್ಚಾಗೋಷ್ಠಿ.' ಒಳಗೆ ಹಿಡಿಸದ ಜನಕ್ಕೆ ಹೊರಗೆ ಧ್ವನಿವರ್ಧಕ. ಇಂಜಿನಿಯರು ಮೂಗಿಗೆ ಸೆಂಟಿನ ಕರವಸ್ತ್ರ ಒತ್ತಿಕೊಂಡು ನಿಂತಿದ್ದ.

"ಬೇಗ ಇಳಿಯೋ. ಹೆಂಗಸರ ಟಾಯ್ಲೆಟ್ಟಲ್ಲಿ ಆಗಲೇ ಉಕ್ತಾ ಇದೆ. ನನ್ನ ಮಾನ ಹೋಗುತ್ತೆ."

"ಅಂಬುಲೆನ್ಸು?"

"ಬರುತ್ತೆ ಅಂದ್ನಲ್ಲ. ಎಷ್ಟು ಸಲ ಹೇಳ್ಬೇಕು ನಿನಗೆ, ಮುಂಡೇದೆ."

ಮುಳುಗ ಅಂಗಿ ಬಿಚ್ಚಿದ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡ, ಇಳಿದ. ನೀರು ಎದೆಯ ತನಕ ಬಂತು, ಆಮೇಲೆ ಗಲ್ಲದ ತನಕ. ಬೆಚ್ಚಗಿತ್ತು. ಮೇಲಿನವರು ಆಗತಾನೇ ಬಿಸಿನೀರು ಸ್ನಾನ ಮಾಡಿ, ಆಗತಾನೇ ಕಕ್ಕಸಿಗೆ ಹೋಗಿ ಬಿಟ್ಟ ನೀರು. ಬಾಯಿ ಬಿಗಿದುಕೊಂಡು ತಲೆ ಮುಳುಗಿಸಿ ಕೊಳವೆಯ ಬಾಯಿಗೆ ಕೈ ಹಾಕಿದ. ಕೈಗೆ ಸಿಕ್ಕಿದ್ದು ಕಲ್ಲಲ್ಲ, ಬೇರಲ್ಲ. ಎಳೆದ. ಹೆಣದ ಕರುಳು ಬಂದ ಹಾಗೆ ಉದ್ದಕ್ಕೆ ಬಂತು.

ಮೇಲೆ ರಸ್ತೆಗೆ ಎಸೆದಾಗ ಹಗ್ಗ ಅದನ್ನು ಕೋಲಿನಿಂದ ಬಿಡಿಸಿ ನೋಡಿದ. ಮಾಸ್ಕು. ನೂರಾರು ಮಾಸ್ಕು, ಕಿವಿದಾರಕ್ಕೆ ಕಿವಿದಾರ ಸಿಕ್ಕಿಕೊಂಡು, ಕೈಗವಸು, ಒರೆಸಿ ಬಿಸಾಡಿದ ಕಾಗದ, ಕೂದಲು, ಎಲ್ಲ ಹೇಲಿನಲ್ಲಿ ನಾದಿದ್ದು. ತಿಂಗಳುಗಟ್ಟಲೆ ಗುಡ್ಡದ ಮನೆಗಳಲ್ಲಿ ರೋಗವೇ ಇಲ್ಲ ಅಂದವರು ಕದ್ದು ಕಕ್ಕಸಿಗೆ ಹಾಕಿ ನೀರು ಬಿಟ್ಟ ಸರಕು.

"ನೋಡ್ದಾ ಮುಳುಗ," ಅಂದ ಹಗ್ಗ. "ಕಾಯಿಲೆ ಇಲ್ದೋರ ಮನೇದು."

ಕೊಳವೆ ಬಿಟ್ಟುಕೊಂಡು ನೀರು ಗಟಗಟ ಅಂತ ಇಳಿಯಿತು. ಮುಳುಗನನ್ನು ಎಳೆದು ಮೇಲೆ ಹಾಕಿದಾಗ ಅವನು ಡಾಂಬರಿನ ಮೇಲೆ ಮೊಣಕಾಲೂರಿ ಸ್ವಲ್ಪ ಹೊತ್ತು ವಾಂತಿ ಮಾಡಿದ. ಆಮೇಲೆ ಇಂಜಿನಿಯರಿನ ಮುಖ ನೋಡಿದ.

"ಬಂತಾ ಸಾರ್ ಅಂಬುಲೆನ್ಸು?"

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಇಂಜಿನಿಯರು ಕರವಸ್ತ್ರ ಮಡಿಸಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದ.

"ನೋಡಪ್ಪ, ನಂದು ಚರಂಡಿ ಇಲಾಖೆ. ಅಂಬುಲೆನ್ಸು ಆರೋಗ್ಯ ಇಲಾಖೆ. ನಾನು ಹೇಳೋದು ಹೇಳ್ದೆ. ಓಣಿ ಗುಂಡಿಯ ಬಾಟ್ಲಿ ಶುದ್ಧ ಬರೋ ತನಕ ಒಳಗೆ ಬರಲ್ಲ ಅಂದ್ರು. ಅದು ವಿಜ್ಞಾನ ಕಣಯ್ಯ. ನಾನೇನು ಮಾಡ್ಲಿ?"

"ನಮ್ಮ ಓಣಿ ಬಾಟ್ಲಿ ಶುದ್ಧ ಆಗ್ಬೇಕಾದ್ರೆ ನಿಮ್ಮ ಗುಡ್ಡ ಹೇಲೋದು ನಿಲ್ಲಿಸ್ಬೇಕು."

"ಏಯ್, ನಾಲಿಗೆ ಬಿಗಿ ಹಿಡಿ. ಒಂದಕ್ಕೊಂದು ಬೆರೆಸ್ಬೇಡ. ಹೋಗು, ಮೈ ತೊಳ್ಕೊಂಡು ತಗಡಿನೊಳಗೆ ಸೇರ್ಕೋ."

ಅಷ್ಟು ಹೇಳಿ ಅವನು ಸಭಾಭವನದೊಳಕ್ಕೆ ಹೋದ. ಧ್ವನಿವರ್ಧಕದಲ್ಲಿ ಮೆಂಬರ್ರ ದನಿ ಬಂತು. "ಆ ಬಡವರ ಮೇಲೆ ನನಗೇನೂ ದ್ವೇಷವಿಲ್ಲ. ನಾನು ಹೇಳಿದ್ದಲ್ಲ, ಬಾಟಲಿ ಹೇಳಿದ್ದು. ವಿಜ್ಞಾನದ ಮುಂದೆ ಎಲ್ಲರೂ ತಲೆ ಬಾಗಬೇಕು." ಜನ ಚಪ್ಪಾಳೆ ತಟ್ಟಿದರು. ಆಮೇಲೆ ಮೇಡಮ್ಮಿನ ದನಿ, ನೀರಿನ ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ ತಣ್ಣಗೆ ವಿವರಿಸುತ್ತಿತ್ತು. ಒಂದು ಮಾತೂ ಸುಳ್ಳಿರಲಿಲ್ಲ. ಗುಡ್ಡ ಅನ್ನುವ ಪದ ಮಾತ್ರ ಬರಲಿಲ್ಲ.

ಹಗ್ಗ ಜೇಬಿನಿಂದ ಫೋನು ತೆಗೆದು ಮುಳುಗನ ಕಿವಿಗೆ ಹಿಡಿದ. ಹೆಂಡತಿ ಅಳುತ್ತಿದ್ದಳು.

"ಯಾರೂ ಬರ್ಲಿಲ್ಲ ಕಣ್ರೀ. ಅತ್ತಿಗೆ ಕಣ್ಣು ಬಿಡ್ತಾ ಇಲ್ಲ. ಏನೋ ಹೇಳ್ತಾರೆ, ಕೇಳಿ."

ಬಹಳ ಹೊತ್ತು ಬರೀ ಉಸಿರು. ಹಳೆಯ ಗರಗಸ ಒದ್ದೆ ಮರವನ್ನು ಕೊಯ್ಯುವ ಸದ್ದು. ಆಮೇಲೆ ಅಕ್ಕನ ದನಿ.

"ಇಳಿದ್ಯೇನೋ?"

"ಇಳಿದೆ ಅಕ್ಕ."

"ಹಗ್ಗ... ಗಟ್ಟಿಯಾಗಿ... ಕಟ್ಕೊಂಡ್ಯಾ?"

ಸಾಯುವ ಹೊತ್ತಿನಲ್ಲೂ ಅವಳು ಕೇಳಿದ್ದು ಅದನ್ನು. ಮುಳುಗ ಅಳಲಿಲ್ಲ. ಅಳುವಷ್ಟು ಚೊಕ್ಕಟ ಜಾಗ ಅವನ ಮುಖದಲ್ಲಿ ಉಳಿದಿರಲಿಲ್ಲ. ಎದ್ದು ಹೋಗಿ ಕೈಗಾಡಿಯಿಂದ ಗೋಣಿಚೀಲ ತಂದ. ರಸ್ತೆಯ ಮೇಲೆ ಬಿದ್ದಿದ್ದ ಆ ಮಾಸ್ಕಿನ ಗುಡ್ಡೆಯನ್ನು ಎರಡೂ ಕೈಯಿಂದ ಬಾಚಿ ಬಾಚಿ ಚೀಲಕ್ಕೆ ತುಂಬತೊಡಗಿದ.

ಹಗ್ಗ ಒಂದು ಗಳಿಗೆ ನೋಡುತ್ತ ನಿಂತ. "ಜೈಲಿಗೆ ಹಾಕ್ತಾರೆ ಕಣೋ."

"ಈಗೆಲ್ಲಿದೀವಿ?"

ಹಗ್ಗ ಬಗ್ಗಿ ಕೂತ. ಚೀಲದ ಬಾಯಿ ಹಿಡಿದುಕೊಟ್ಟ. ಜೊತೆಗೆ ಎರಡು ಕಲ್ಲನ್ನೂ ಹಾಕಿದ, ಬಾಯಿ ಬಿಗಿದು ಕಟ್ಟಿದ. ಮುಳುಗನ ಸೊಂಟದ ಗಂಟನ್ನು ಎಳೆದು ನೋಡಿ ಇನ್ನೊಂದು ಸುತ್ತು ಬಿಗಿದ.

ಮುಳುಗ ಮತ್ತೆ ಇಳಿದ. ಗುಡ್ಡದಿಂದ ಬಂದು ಕೆಳಗೆ ಓಣಿಯ ಕಡೆಗೆ ಹೊರಡುವ ಕೊಳವೆಯ ಬಾಯಿಗೆ ಚೀಲ ಇಟ್ಟು, ಬೆನ್ನನ್ನು ಗೋಡೆಗೆ ಕೊಟ್ಟು, ಎರಡೂ ಕಾಲಿನಿಂದ ಒದ್ದ. ಮತ್ತೊಮ್ಮೆ ಒದ್ದ. ಇಷ್ಟು ವರ್ಷ ಅವನ ಕಾಲು ಒದ್ದದ್ದು ಕಟ್ಟಿಕೊಂಡ ಕೊಳವೆಯನ್ನು ಬಿಡಿಸಲು ಮಾತ್ರ. ಚೀಲ ಬೆಣೆಯ ಹಾಗೆ ಕಚ್ಚಿಕೊಂಡಿತು. ನೀರು ಸರ್ರನೆ ಏರಿತು. ಹಗ್ಗ ಅವನನ್ನು ಮೇಲಕ್ಕೆ ಎಳೆದುಕೊಂಡ.

ಇಬ್ಬರೂ ಸೇರಿ ಕಬ್ಬಿಣದ ಮುಚ್ಚಳ ಎಳೆದು ಮುಚ್ಚಿದರು. ಮುಳುಗ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಫೋನನ್ನು ಸ್ಪೀಕರಿಗೆ ಹಾಕಿ ಮುಂದೆ ಡಾಂಬರಿನ ಮೇಲೆ ಇಟ್ಟ.

ಒಳಗೆ ಭಾಷಣ ನಡೆದೇ ಇತ್ತು. ಮೊದಲು ಒಬ್ಬ ಹೆಂಗಸು ಸೀರೆ ಎತ್ತಿಕೊಂಡು ಓಡಿಬಂದಳು. ಆಮೇಲೆ ಕುರ್ಚಿ ಬಿದ್ದ ಸದ್ದು. ಮೆಂಬರ್ರ ದನಿ ಮಾತಿನ ನಡುವೆ ನಿಂತು, ಮೈಕಿನಲ್ಲೇ "ಯಾವನೋ ಅವನು ಸೂಳೆಮಗ" ಅಂದಿತು. ಬಾಗಿಲಿನ ಹೊಸ್ತಿಲು ದಾಟಿ ಕಪ್ಪು ನೀರು ಮೆಟ್ಟಿಲಿಳಿಯಿತು. ಅದರ ಹಿಂದೆಯೇ ಜನ, ಪ್ಯಾಂಟು ಮಡಿಸಿಕೊಂಡು, ಬೂಟು ಕೈಯಲ್ಲಿ ಹಿಡಿದುಕೊಂಡು, ಓಕರಿಸುತ್ತ. ಮಾಸ್ಕು ಹಾಕಿದವರೆಲ್ಲ ಮಾಸ್ಕಿನ ಮೇಲೆ ಕೈಯನ್ನೂ ಇಟ್ಟುಕೊಂಡಿದ್ದರು.

ಇಂಜಿನಿಯರು ಬರಿಗಾಲಲ್ಲಿ ಓಡಿಬಂದ. "ಏಳೋ ನಾಯಿ! ಏಳು, ಇಳಿ ಒಳಗೆ!"

"ಇಳೀತೀನಿ. ಮೊದ್ಲು ಅಂಬುಲೆನ್ಸು ತಗಡು ದಾಟ್ಲಿ. ಅಕ್ಕನ್ನ ಹತ್ತಿಸ್ಕೊಂಡ್ರು ಅಂತ ಈ ಫೋನಲ್ಲಿ ನನ್ನ ಹೆಂಡ್ತಿ ಹೇಳ್ಲಿ."

"ಪೊಲೀಸ್ ಕರೆಸ್ತೀನಿ!"

"ಕರೆಸಿ. ಪೊಲೀಸ್ನೋರು ಗುಂಡಿಗೆ ಇಳೀತಾರಾ ಕೇಳಿ."

ಮೆಂಬರ್ರು ಪಂಚೆ ಮೊಣಕಾಲಿಗೆ ಎತ್ತಿಕೊಂಡು ಬಂದರು. ಮುಖ ಕೆಂಪಾಗಿತ್ತು. ಪಕ್ಕದಲ್ಲಿದ್ದ ಬಾಟ್ಲಿ ಮೇಡಮ್ಮಿನ ಕಡೆ ತಿರುಗಿ, "ಮೇಡಂ, ನೀವಾದ್ರೂ ಹೇಳಿ ಇವನಿಗೆ. ಈ ನೀರಲ್ಲಿ ಏನೇನಿರುತ್ತೆ, ಎಷ್ಟು ಅಪಾಯ ಅಂತ," ಅಂದರು.

ಮೇಡಮ್ಮು ತನ್ನ ಕಾಲಿನ ಕಡೆ ನೋಡಿಕೊಂಡಳು. ಅವಳ ಚಪ್ಪಲಿಯ ಸುತ್ತ ನೀರು ಹರಡಿಕೊಂಡಿತ್ತು.

"ಚೀಲದಲ್ಲಿ ಬಾಟ್ಲಿ ಇದ್ಯಾ ಮೇಡಂ?" ಮುಳುಗ ಕೂತಲ್ಲಿಂದಲೇ ಕೇಳಿದ. "ಇದ್ರೆ ಈಗ ತುಂಬ್ಕೊಳ್ಳಿ. ಇದು ಇನ್ನೂ ನಮ್ಮ ಓಣಿ ಮುಟ್ಟಿಲ್ಲ. ಯಾರ್ದು ಅಂತ ಬರೆಯೋಕೆ ನಿಮಗೂ ಕಷ್ಟ ಆಗಲ್ಲ."

ಅವಳ ಕೈ ಹೆಗಲಿನ ಚೀಲದ ತನಕ ಹೋಯಿತು. ಮೆಂಬರ್ರು ಅವಳನ್ನೇ ನೋಡುತ್ತಿದ್ದರು. ಕೈ ಚೀಲದ ಮೇಲೆಯೇ ನಿಂತಿತು. ಒಳಗೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಮುಳುಗನ ಕೆಳಗೆ ಮುಚ್ಚಳ ಮೆಲ್ಲಗೆ ಅದುರತೊಡಗಿತ್ತು. ಅಂಚಿನಿಂದ ನೀರು ಜಿನುಗಿ ಅವನ ತೊಡೆ ನೆನೆಯುತ್ತಿತ್ತು. ಹಗ್ಗ ಬಂದು ಪಕ್ಕದಲ್ಲಿ ಕೂತು ತನ್ನ ಭಾರವನ್ನೂ ಹಾಕಿದ. ನೀರು ಫೋನಿನ ಹತ್ತಿರ ಬಂದಾಗ ಮುಳುಗ ಅದನ್ನು ಎತ್ತಿ ಎಲ್ಲರಿಗೂ ಕೇಳುವ ಹಾಗೆ ಮೇಲೆ ಹಿಡಿದ. ಬಯ್ಯುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅಕ್ಕನ ಉಸಿರಿನ ಗರಗಸ ಒಂದು ಸಲ ಎಳೆಯಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು ಸಲ ಎಳೆಯಿತು.

"ಕೇಳ್ತಿದೆಯಲ್ಲ," ಅಂದ ಮುಳುಗ. "ಇನ್ನೂ ಇದಾಳೆ. ಫೋನ್ ಮಾಡಿ."